ಅತ್ತೆಯ ಟ್ರಂಕಿನ ಸ್ಕಾರ್ಫ್ ತಲೆಗೆ ಕಟ್ಟೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೊದಲ ಹನ್ನೊಂದು ಸ್ಕಾರ್ಫ್‌ಗಳು ಬಂದದ್ದು ಸೋದರತ್ತೆಯ ಟ್ರಂಕಿನಿಂದ. ಅತ್ತೆ 1960ರ ದಶಕದಲ್ಲಿ ನರ್ಸ್ ಕೆಲಸಕ್ಕೆ ಇಂಗ್ಲೆಂಡಿಗೆ ಹೋದವರು. ರಿಟೈರ್ ಆಗಿ ಮೈಸೂರಿಗೆ ಬಂದಾಗ ಸ್ವೆಟರ್‌ಗಳ ಅಡಿಯಲ್ಲಿ ಈ ರೇಷ್ಮೆ ಚೌಕಗಳೂ ಬಂದವು. ಅವುಗಳಲ್ಲಿ ನಾಲ್ಕು, ನಾನು ಬಿಚ್ಚಿದ ಕೂಡಲೇ ಮಡಿಕೆಯ ಗೆರೆಯಲ್ಲೇ ಸೀಳಿಹೋದವು. ಅವನ್ನು ಅತ್ತೆ "ಒಳ್ಳೇವು" ಅಂತ ಮೂವತ್ತು ವರ್ಷ ಮುಟ್ಟದೆ ಇಟ್ಟಿದ್ದರು. ವಾರಕ್ಕೊಮ್ಮೆ ಕಟ್ಟಿ, ಒಗೆದು, ಬೇರೆ ಬೇರೆ ಥರ ಮಡಚಿಟ್ಟ ಏಳು ಇವತ್ತಿಗೂ ಗಟ್ಟಿಯಾಗಿವೆ. ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ, ಹಳೇ ಸ್ಕಾರ್ಫ್ ಇದ್ದರೆ ಕಟ್ಟಿಕೊಳ್ಳಿ. ಹೇಗೆ, ಯಾವುದು, ಯಾವಾಗ ಅಂತ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮೆಸೇಜಿನಲ್ಲಿ ಕೇಳಿದವರ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಹಾಕಿದ್ದೇನೆ.

## ಶುರು ಮಾಡುವವರಿಗೆ

ವಿಂಟೇಜ್ ಅಂದ್ರೆ ಎಷ್ಟು ಹಳೇದಿರಬೇಕು? ನಮ್ಮಮ್ಮನ ಕಾಲೇಜ್ ದಿನದ ಸ್ಕಾರ್ಫ್ ವಿಂಟೇಜಾ?

ಹೌದು. ಸಾಮಾನ್ಯವಾಗಿ ಇಪ್ಪತ್ತು ವರ್ಷ ದಾಟಿದ ಬಟ್ಟೆಗೆ ವಿಂಟೇಜ್ ಅನ್ನುತ್ತಾರೆ, ನೂರು ದಾಟಿದರೆ ಆಂಟಿಕ್. ಹಳೇ ಡಿಸೈನನ್ನು ಈಗ ಹೊಸದಾಗಿ ಪ್ರಿಂಟ್ ಮಾಡಿ ಮಾರುವುದಕ್ಕೆ ರೆಟ್ರೋ ಅಂತ ಹೆಸರು. ರೆಟ್ರೋ ಕಟ್ಟಿದರೆ ತಪ್ಪೇನಿಲ್ಲ, ಆದರೆ ವಿಂಟೇಜ್ ಬೆಲೆ ಕೊಟ್ಟು ಅದನ್ನು ತರಬೇಡಿ.

ತಲೆಗೆ ಕಟ್ಟೋಕೆ ಯಾವ ಸೈಜ್ ಬೇಕು? ನನ್ನ ಹತ್ರ ಇರೋದು ಕರ್ಚೀಫಿಗಿಂತ ಸ್ವಲ್ಪ ದೊಡ್ಡದು ಅಷ್ಟೇ

ಅಳತೆ ಪಟ್ಟಿ ತೆಗೆದು ಒಂದು ಬದಿ ಅಳೆಯಿರಿ. 90 ಸೆಂಟಿಮೀಟರ್ ಚೌಕ ಇದ್ದರೆ ಏನು ಬೇಕಾದರೂ ಕಟ್ಟಬಹುದು. ಗದ್ದದ ಕೆಳಗೆ ತಂದು ಹೆಕ್ಕತ್ತಿನಲ್ಲಿ ಗಂಟು ಹಾಕಲು ಈ ಅಳತೆ ಬೇಕೇ ಬೇಕು. 65ರಿಂದ 70 ಸೆಂಟಿಮೀಟರ್ ಇದ್ದರೆ ಗದ್ದದ ಕೆಳಗೆ ಸಣ್ಣ ಗಂಟು, ಇಲ್ಲವೇ ಹೆಕ್ಕತ್ತಿನಲ್ಲಿ ತ್ರಿಕೋನ ಗಂಟು ಆಗುತ್ತದೆ. ನಮ್ಮ ಮನೆಗಳ ಹಳೇ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಸಿಗುವುದು ಈ ಅಳತೆಯ ತೆಳ್ಳನೆಯ ನೈಲಾನ್ ಶಿಫಾನ್. 45ರ ಆಸುಪಾಸಿನದನ್ನು ತಲೆಗೆ ಸುತ್ತಲು ಹೋಗಬೇಡಿ. ತುರುಬಿಗೆ ಸುತ್ತಿ, ಜಡೆಯ ತುದಿಗೆ ಕಟ್ಟಿ, ಚೆನ್ನಾಗಿರುತ್ತದೆ.

ನಿಮ್ಮ ತಲೆಗೂದಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಯುರೋಪಿನ ಸ್ಕಾರ್ಫ್‌ಗಳು ಗಿಡ್ಡ ಕೂದಲಿನ ಕಾಲದಲ್ಲಿ ಆದವು. ದಪ್ಪ ತುರುಬಿನ ಮೇಲೆ 70ರ ಚೌಕ ಕೂರುವುದಿಲ್ಲ, ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ.

ಇದು ನಮ್ಮದಲ್ಲ ಕಣ್ರೀ, ಫಾರಿನ್ ಫ್ಯಾಷನ್ ಅಲ್ವಾ?

ಬಂಡಾನಾ ಅನ್ನುವ ಪದವನ್ನೇ ನೋಡಿ. ಬಟ್ಟೆಯನ್ನು ಗಂಟು ಕಟ್ಟಿ ಬಣ್ಣ ಹಾಕುವ ನಮ್ಮ ಬಾಂಧನಿ ಕೆಲಸದಿಂದ ಅದು ಇಂಗ್ಲಿಷಿಗೆ ಹೋಯಿತು. ನಮ್ಮ ಬಂಧನ ಪದಕ್ಕೂ ಅದೇ ಬೇರು. ಹಾಗೆಯೇ ಮದ್ರಾಸಿನ ಬಂದರಿನಿಂದ ಹೋದ ಚೌಕಳಿ ಬಟ್ಟೆ. "ರಿಯಲ್ ಮದ್ರಾಸ್ ಹ್ಯಾಂಡ್‌ಕರ್ಚೀಫ್" ಅಂತಲೇ ಅದರ ವ್ಯಾಪಾರದ ಹೆಸರು. ಆಂಧ್ರ, ತಮಿಳು ನೇಕಾರರು ಮಗ್ಗದಲ್ಲಿ ನೇಯ್ದ ಆ ಬಟ್ಟೆ ನೈಜೀರಿಯಾದ ಹೆಂಗಸರ ಕೈ ಸೇರಿತು, ಕೆರಿಬಿಯನ್ ದ್ವೀಪಗಳಿಗೂ ಹೋಯಿತು. ಮಾರ್ಟಿನಿಕ್, ಗ್ವಾಡಲೂಪ್ ದ್ವೀಪಗಳಲ್ಲಿ ಹಬ್ಬದ ದಿನ ಹೆಂಗಸರು ತಲೆಗೆ ಸುತ್ತುವ ಬಟ್ಟೆಗೆ ಇವತ್ತಿಗೂ "ಮದ್ರಾಸ್" ಎಂದೇ ಹೆಸರು.

ಇನ್ನು ಮನೆ ಹತ್ತಿರದ್ದೇ ಬೇಕು ಅಂದರೆ ಕೊಡಗಿಗೆ ಹೋಗಿ. ಹಿಂದಕ್ಕೆ ನೆರಿಗೆ ಹಾಕಿದ ಸೀರೆಯ ಜೊತೆ ಕೊಡವತಿಯರು ತಲೆಗೆ ಕಟ್ಟುವ ವಸ್ತ್ರ ನೋಡಿ. ಸಂಡೂರಿನ ಲಂಬಾಣಿ ಹೆಂಗಸರ ಕನ್ನಡಿ ಕಸೂತಿಯ ತಲೆಬಟ್ಟೆ ನೋಡಿ. ಆಮೇಲೆ ಹೇಳಿ, ಚೌಕ ಬಟ್ಟೆ ತಲೆಗೆ ಕಟ್ಟುವುದು ನಮಗೆ ಹೊಸದಾ ಅಂತ. ರೇಷ್ಮೆಯ ಮೇಲೆ ಕುದುರೆ, ಹೂವು, ಊರಿನ ನಕ್ಷೆ ಪ್ರಿಂಟ್ ಮಾಡಿ ಮಾರಿದ ಆ ಒಂದು ಬಗೆ ಮಾತ್ರ ಪ್ಯಾರಿಸ್, ಲಂಡನ್‌ನದು. ಅದು ಅವರದೇ, ಅದನ್ನು ನಾನೂ ಪ್ರೀತಿಯಿಂದ ಕಟ್ಟುತ್ತೇನೆ.

ತಲೆಗೆ ಸ್ಕಾರ್ಫ್ ಕಟ್ಟಿದ್ರೆ ಜನ ಯಾವ ಧರ್ಮದವಳು ಅಂತ ನೋಡ್ತಾರೆ. ಏನ್ ಹೇಳೋದು?

ಏನೂ ಹೇಳಬೇಕಾಗಿಲ್ಲ. ಮುಸ್ಲಿಂ ಗೆಳತಿ ನಂಬಿಕೆಯಿಂದ ಕಟ್ಟುತ್ತಾಳೆ, ಚರ್ಚಿಗೆ ಹೋಗುವ ಅಜ್ಜಿ ಪ್ರಾರ್ಥನೆಗೆ ಕಟ್ಟುತ್ತಾರೆ, ಗದ್ದೆಯಲ್ಲಿ ನಾಟಿ ಮಾಡುವಾಕೆ ಬಿಸಿಲಿಗೆ ಕಟ್ಟುತ್ತಾಳೆ. ನೀವು ಇಷ್ಟಕ್ಕೆ ಕಟ್ಟುತ್ತೀರಿ. ಯಾರ ಬಟ್ಟೆಯನ್ನೂ ಅಣಕ ಮಾಡಬೇಡಿ, ಯಾರಾದರೂ "ಅವಳ ಹಾಗೆ ಕಾಣ್ತೀಯ" ಅಂದರೆ ಅದನ್ನು ಬೈಗುಳ ಅಂತ ತೆಗೆದುಕೊಳ್ಳಬೇಡಿ. ನನಗೆ ಗಟ್ಟಿಯಾಗಿ ಪಿನ್ ಹಾಕುವುದನ್ನು, ಒಳಗೆ ಹತ್ತಿಯ ಪಟ್ಟಿ ಕಟ್ಟುವುದನ್ನು ಹೇಳಿಕೊಟ್ಟವರು ದಿನವೂ ಹಿಜಾಬ್ ಧರಿಸುವ ನನ್ನ ಪಕ್ಕದ ಮನೆಯವರು. ಇಪ್ಪತ್ತು ವರ್ಷದ ಅನುಭವ ಅವರದು.

ನನಗೆ 61. ಈ ವಯಸ್ಸಿಗೆ ಚೆನ್ನಾಗಿ ಕಾಣತ್ತಾ?

ಇಂಗ್ಲೆಂಡಿನ ರಾಣಿ ಎರಡನೇ ಎಲಿಜಬೆತ್ ಸ್ಕಾಟ್ಲೆಂಡಿನ ಬಾಲ್ಮೊರಲ್‌ನಲ್ಲಿ, ಕುದುರೆಗಳ ನಡುವೆ, ಗದ್ದದ ಕೆಳಗೆ ಗಂಟು ಹಾಕಿದ ಸ್ಕಾರ್ಫ್‌ನಲ್ಲೇ ಓಡಾಡಿದರು, ತೊಂಬತ್ತು ದಾಟಿದ ಮೇಲೂ. ಬಿಳಿ ಕೂದಲಿನ ಪಕ್ಕ ಕಡು ನೀಲಿ, ಕುಂಕುಮ ಕೆಂಪು ಎಷ್ಟು ಚೆನ್ನಾಗಿ ಕಾಣುತ್ತವೆ ಅಂದರೆ ಕಪ್ಪು ಕೂದಲಿಗೆ ಅದು ಬರುವುದೇ ಇಲ್ಲ. ಕಟ್ಟಿ.

## ಕಟ್ಟುವ ಬಗೆ

ಗ್ರೇಸ್ ಕೆಲ್ಲಿ ಥರ ಕಟ್ಟೋದು ಸ್ಟೆಪ್ ಸ್ಟೆಪ್ಪಾಗಿ ಹೇಳಿ

ಹಾಲಿವುಡ್ ನಟಿ, 1956ರಲ್ಲಿ ಮೊನಾಕೊದ ರಾಜಕುಮಾರನನ್ನು ಮದುವೆಯಾದವರು. ಈ ಕಟ್ಟು ಅವರ ಹೆಸರಿನಲ್ಲೇ ಉಳಿದಿದೆ. 90ರ ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಾಡಿ. ಉದ್ದದ ಅಂಚನ್ನು ಹಣೆಯ ಕೂದಲ ಗೆರೆಯಿಂದ ಎರಡು ಬೆರಳು ಹಿಂದಕ್ಕೆ ಇಡಿ. ಮುಂದಿನ ಕೂದಲು ಸ್ವಲ್ಪ ಕಾಣಬೇಕು, ಅದರಲ್ಲೇ ಇದರ ಅಂದ. ಎರಡು ತುದಿಗಳನ್ನು ಗದ್ದದ ಕೆಳಗೆ ಒಂದರ ಮೇಲೊಂದು ದಾಟಿಸಿ, ಗಂಟು ಹಾಕಬೇಡಿ, ಹಾಗೇ ಹಿಂದಕ್ಕೆ ಒಯ್ದು ಹೆಕ್ಕತ್ತಿನಲ್ಲಿ ತ್ರಿಕೋನದ ಬಾಲದ ಮೇಲೆ ಗಂಟು ಹಾಕಿ.

ಎಲ್ಲರೂ ಮಾಡುವ ತಪ್ಪು ಬಿಗಿಯಾಗಿ ಎಳೆಯುವುದು. ಗದ್ದದ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ, ಇಲ್ಲದಿದ್ದರೆ ಹಲ್ಲುನೋವಿಗೆ ಬಟ್ಟೆ ಕಟ್ಟಿದ ಹಾಗೆ ಕಾಣುತ್ತದೆ. ಆಮೇಲೆ ನೆತ್ತಿಯ ಹತ್ತಿರ ಬಟ್ಟೆಯನ್ನು ಬೆರಳಿನಿಂದ ಸ್ವಲ್ಪ ಮೇಲಕ್ಕೆ ಎತ್ತಿ ಬಿಡಿ. ಆ ಕಾಲದ ಹೆಂಗಸರು ಸೆಟ್ ಮಾಡಿಸಿದ ಉಬ್ಬು ಕೂದಲು ತೆರೆದ ಕಾರಿನ ಗಾಳಿಗೆ ಕೆಡಬಾರದು ಅಂತಲೇ ಹೀಗೆ ಕಟ್ಟುತ್ತಿದ್ದರು. ಅವರ ತಲೆಯ ಮೇಲೆ ಆ ಎತ್ತರ ತಾನಾಗಿಯೇ ಬರುತ್ತಿತ್ತು, ನಾವು ಕೈಯಿಂದ ಕೊಡಬೇಕು.

ಎಷ್ಟು ಬಿಗಿಯಾಗಿ ಕಟ್ಟಿದ್ರೂ ಹತ್ತು ನಿಮಿಷಕ್ಕೆ ಜಾರಿ ಹಿಂದೆ ಹೋಗತ್ತೆ!

ಈ ದೂರು ನನಗೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ರೇಷ್ಮೆ ನುಣುಪು, ಆಗ ತಾನೇ ಶಾಂಪೂ ಹಾಕಿದ ಕೂದಲೂ ನುಣುಪು. ಬಿಗಿ ಮಾಡಿದಷ್ಟೂ ಬೇಗ ಜಾರುತ್ತದೆ. ಒಳಗೆ ಹಿಡಿತ ಕೊಡುವುದು ಬೇಕು. ಎರಡು ಇಂಚು ಅಗಲದ ಹತ್ತಿಯ ಇಲ್ಲವೇ ವೆಲ್ವೆಟ್ ಹೇರ್‌ಬ್ಯಾಂಡ್ ಮೊದಲು ಹಾಕಿ, ಅದರ ಮೇಲೆ ಸ್ಕಾರ್ಫ್ ಕೂರಿಸಿ. ಹೇರ್‌ಪಿನ್ನನ್ನು ಗಂಟಿನ ಒಳಗಿನಿಂದ, ಮಡಿಕೆಗಳ ಸಂದಿಯಲ್ಲಿ ತೂರಿಸಿ. ಒಂಟಿ ಪದರದ ರೇಷ್ಮೆಗೆ ಪಿನ್ ಚುಚ್ಚಬೇಡಿ. ಹಳೇ ರೇಷ್ಮೆಯಲ್ಲಿ ಪಿನ್ನಿನ ತೂತು ಸಂಜೆಯೊಳಗೆ ಸೀಳಾಗುತ್ತದೆ.

ಇನ್ನೊಂದು ಉಪಾಯ ಮಡಚುವುದರಲ್ಲಿದೆ. ಪಟ್ಟಿಯ ಥರ ಕಟ್ಟುವಾಗ ಚೌಕವನ್ನು ಅಂಚಿಗೆ ಸಮನಾಗಿ ಮಡಚದೆ ಮೂಲೆಯಿಂದ ಮೂಲೆಗೆ ಓರೆಯಾಗಿ ಮಡಚಿ. ಓರೆಗೆ ಬಟ್ಟೆ ಸ್ವಲ್ಪ ಎಳೆದುಕೊಳ್ಳುತ್ತದೆ, ತಲೆಯ ಉರುಟಿಗೆ ಅಂಟಿ ಕೂರುತ್ತದೆ.

ಮೊಣಕಾಲುದ್ದ ಜಡೆ ಇದೆ. ನನಗೆ ಯಾವ ಸ್ಟೈಲೂ ಹೊಂದಲ್ಲ ಅಲ್ವಾ?

ನಿಮ್ಮನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು! ಸ್ಕಾರ್ಫನ್ನು ಓರೆಯಾಗಿ ಮಡಚಿ ಉದ್ದ ಪಟ್ಟಿ ಮಾಡಿ, ನಡುಭಾಗವನ್ನು ಹೆಕ್ಕತ್ತಿನ ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿ, ಎರಡು ಬಾಲಗಳನ್ನು ಜಡೆಯ ಎರಡು ಕಾಲುಗಳ ಜೊತೆ ಸೇರಿಸಿ ಹೆಣೆಯಿರಿ. ನಮ್ಮ ಜಡೆಕುಚ್ಚು ಹೆಣೆಯುವ ಕ್ರಮವೇ. ಬಟ್ಟೆ ಮುಗಿದಲ್ಲಿ ಜಡೆಗೇ ಸುತ್ತಿ ಗಂಟು ಹಾಕಿ. ಸಣ್ಣ ಪ್ರಿಂಟ್ ಇದಕ್ಕೆ ಒಳ್ಳೆಯದು, ದೊಡ್ಡ ಹೂವು ಹೆಣಿಗೆಯಲ್ಲಿ ಕಳೆದುಹೋಗುತ್ತದೆ.

ಯುದ್ಧದ ಕಾಲದ ಪೋಸ್ಟರಿನಲ್ಲಿ ತೋಳೇರಿಸಿದ ಹುಡುಗಿ ಕಟ್ಟಿರೋದು ಹೇಗೆ?

ಜೆ. ಹೊವಾರ್ಡ್ ಮಿಲ್ಲರ್ 1943ರಲ್ಲಿ ಅಮೆರಿಕದ ಕಾರ್ಖಾನೆಗಾಗಿ ಬರೆದ ಪೋಸ್ಟರ್ ಅದು, ಕೆಂಪು ಬಟ್ಟೆಯ ಮೇಲೆ ಬಿಳಿ ಚುಕ್ಕೆ. ಆಗ ಗಂಡಸರು ಯುದ್ಧಕ್ಕೆ ಹೋಗಿ ಹೆಂಗಸರು ಯಂತ್ರಗಳ ಮುಂದೆ ನಿಂತಿದ್ದರು. ಬಿಟ್ಟ ಕೂದಲು ಯಂತ್ರಕ್ಕೆ ಸಿಕ್ಕಿದರೆ ತಲೆಯೇ ಹೋಗುತ್ತಿತ್ತು. ಒಂದು ಕಣ್ಣು ಮುಚ್ಚುವ ಕೂದಲಿಗೆ ಹೆಸರಾಗಿದ್ದ ನಟಿ ವೆರೋನಿಕಾ ಲೇಕ್ ಕೂಡ ಆಗ ಕೂದಲು ಕಟ್ಟಿ ತೋರಿಸಿ, ಬೇರೆ ಹೆಂಗಸರಿಗೂ ಕಟ್ಟಿ ಅಂತ ಹೇಳಬೇಕಾಯಿತು.

ತ್ರಿಕೋನದ ಉದ್ದ ಅಂಚು ಹೆಕ್ಕತ್ತಿಗೆ, ಮೂಲೆ ಹಣೆಯ ಮೇಲೆ ಬರುವಂತೆ ಇಡಿ. ಎರಡು ತುದಿಗಳನ್ನು ಕಿವಿಯ ಹಿಂದಿನಿಂದ ಮುಂದಕ್ಕೆ ತಂದು, ಆ ಮೂಲೆಯ ಮೇಲೆ, ಹಣೆಗೆ ಸ್ವಲ್ಪ ಮೇಲೆ ಗಂಟು ಹಾಕಿ. ಮೂಲೆಯನ್ನು ಎತ್ತಿ ಗಂಟಿನ ಮೇಲಿಂದ ಹಿಂದಕ್ಕೆ ತಂದು ಒಳಗೆ ಸಿಕ್ಕಿಸಿ. ಹತ್ತಿ ಅಥವಾ ರೇಯಾನ್ ಬಟ್ಟೆಯೇ ಬೇಕು. ಆ ಕಾಲದವರಿಗೂ ರೇಷ್ಮೆ ಸಿಗುತ್ತಿರಲಿಲ್ಲ, ಇದ್ದಬದ್ದ ರೇಷ್ಮೆ ಪ್ಯಾರಾಚೂಟ್‌ಗೆ ಹೋಗುತ್ತಿತ್ತು.

ಸೀರೆ ಜೊತೆ ಕಟ್ಟಬಹುದಾ?

ಕಟ್ಟಬಹುದು, ಆದರೆ ಇಬ್ಬರೂ ಒಟ್ಟಿಗೆ ಮಾತಾಡಬಾರದು. ಇಳಕಲ್ ಸೀರೆಯ ಸೆರಗೇ ಜೋರು, ಅದಕ್ಕೆ ಒಂದೇ ಬಣ್ಣದ ತೆಳು ಸ್ಕಾರ್ಫನ್ನು ತುರುಬಿಗೆ ಸುತ್ತಿದರೆ ಸಾಕು. ಪ್ರಿಂಟ್ ಇಲ್ಲದ ಹತ್ತಿ ಸೀರೆಗೆ ಹೂವಿನ ಸ್ಕಾರ್ಫನ್ನು ಅಗಲ ಪಟ್ಟಿ ಮಾಡಿ ತಲೆಗೆ ಕಟ್ಟಿ. ಜರಿ ಸೀರೆಗೆ ಬೇಡ ಅಂತ ನನ್ನ ಅಭಿಪ್ರಾಯ.

ಸ್ಕೂಟರಲ್ಲಿ ಹೋಗುವಾಗ ಧೂಳಿಗೆ ಇದನ್ನೇ ಕಟ್ಟಿಕೊಂಡರೆ ಆಯ್ತಲ್ಲ?

ದಯವಿಟ್ಟು ಬೇಡ. ಹೆಲ್ಮೆಟ್ ಒಳಗೆ ಗಂಟು ಇದ್ದರೆ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ, ಹಾಗಾಗಿ ಹಿಂದೆ ಕೂತಿದ್ದೀನಿ ಅನ್ನುವ ನೆಪವೂ ನಡೆಯುವುದಿಲ್ಲ. ಹೊರಗೆ ಹಾರಾಡುವ ತುದಿ ಇನ್ನೂ ಅಪಾಯ. ನೃತ್ಯಗಾತಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ತೀರಿಹೋದದ್ದು ಕತ್ತಿನ ಉದ್ದ ಸ್ಕಾರ್ಫ್ ಕಾರಿನ ಚಕ್ರಕ್ಕೆ ಸುತ್ತಿಕೊಂಡು. ದುಪಟ್ಟಾ ಚಕ್ರಕ್ಕೆ ಸಿಕ್ಕಿದ ಸುದ್ದಿಯನ್ನು ನಾವೂ ಎಷ್ಟು ಸಲ ಓದಿದ್ದೇವೆ. ಸ್ಕಾರ್ಫ್ ಬ್ಯಾಗಿನಲ್ಲಿರಲಿ, ಇಳಿದ ಮೇಲೆ ಕಟ್ಟಿ. ಎರಡು ನಿಮಿಷದ ಕೆಲಸ.

ಗಂಡಸರು ಕಟ್ಟಿದ್ರೆ ನಗ್ತಾರಾ?

ಅಮೆರಿಕದ ರ‍್ಯಾಪರ್ ಎಸಾಪ್ ರಾಕಿ 2018ರಲ್ಲಿ ಅಜ್ಜಿಯರ ಹಾಗೆ ಗದ್ದದ ಕೆಳಗೆ ರೇಷ್ಮೆ ಸ್ಕಾರ್ಫ್ ಕಟ್ಟಿ ದೊಡ್ಡ ಸಮಾರಂಭಕ್ಕೆ ಬಂದಿದ್ದರು, ಆಮೇಲೆ ಎಷ್ಟೋ ಹುಡುಗರು ಕಟ್ಟಿದರು. ನಮ್ಮಲ್ಲಂತೂ ತಲೆಗೆ ಬಟ್ಟೆ ಸುತ್ತುವುದು ಗಂಡಸರದೇ ಕೆಲಸವಾಗಿತ್ತು. ಹಿಂದಿಯವರಿಗೆ ರುಮಾಲು ಅಂದರೆ ಮುಖ ಒರೆಸುವ ಚೌಕ. ಅದೇ ಪದ ಉತ್ತರ ಕರ್ನಾಟಕಕ್ಕೆ ಬಂದು ತಲೆಗೇರಿತು, ರುಮಾಲು ಸುತ್ತದೆ ಹಿರಿಯರು ಸಂತೆಗೂ ಹೊರಡುತ್ತಿರಲಿಲ್ಲ.

ಅಕ್ಕನಿಗೆ ಕೀಮೋ ಆಗ್ತಿದೆ. ಅಜ್ಜಿಯ ರೇಷ್ಮೆ ಸ್ಕಾರ್ಫ್ ಕಟ್ಟಿಕೊಡೋಣ ಅಂತಿದೀನಿ

ಒಳ್ಳೆಯ ಯೋಚನೆ, ಒಂದು ಮಾತು ನೆನಪಿರಲಿ. ಕೂದಲಿಲ್ಲದ ತಲೆಯ ಮೇಲೆ ಬರೀ ರೇಷ್ಮೆ ನಿಲ್ಲುವುದಿಲ್ಲ, ಚರ್ಮವೂ ಆಗ ಬಹಳ ನಾಜೂಕಾಗಿರುತ್ತದೆ. ಮೊದಲು ಮೆತ್ತನೆಯ ಹತ್ತಿಯ ಟೋಪಿ ಹಾಕಿ, ಹೊಲಿಗೆಯ ಭಾಗ ಹೊರಗಿರಲಿ. ಅದರ ಮೇಲೆ ದೊಡ್ಡ ಚೌಕವನ್ನು ತ್ರಿಕೋನ ಮಾಡಿ ಹಣೆಯ ಮೇಲೆ ತಂದು ಹೆಕ್ಕತ್ತಿನಲ್ಲಿ ಗಂಟು ಹಾಕಿ. ಮಲಗಿದಾಗ ಒತ್ತುತ್ತಿದ್ದರೆ ಗಂಟನ್ನು ಕಿವಿಯ ಪಕ್ಕಕ್ಕೆ ತನ್ನಿ. ಸ್ಕಾರ್ಫನ್ನು ಮೊದಲು ಚೆನ್ನಾಗಿ ಒಗೆಯಿರಿ. ಪೆಟ್ಟಿಗೆಯ ವಾಸನೆ, ನುಸಿಗುಳಿಗೆಯ ವಾಸನೆ ಆ ದಿನಗಳಲ್ಲಿ ಅವರಿಗೆ ತಡೆಯಲಾಗದು. ಬಣ್ಣವನ್ನು ಅವರೇ ಆರಿಸಲಿ.

## ಕೊಳ್ಳುವುದು, ಗುರುತಿಸುವುದು

ಇಂಥವು ಎಲ್ಲಿ ಸಿಗುತ್ತವೆ?

ಮೊದಲು ಮನೆಯಲ್ಲಿ. ಅಜ್ಜಿ, ದೊಡ್ಡಮ್ಮ, ಅತ್ತೆಯಂದಿರನ್ನು ಕೇಳಿ. "ತಲೆಗೆ ಕಟ್ಟುವ ಸ್ಕಾರ್ಫ್ ಇದೆಯಾ" ಅಂದರೆ ಇಲ್ಲ ಅನ್ನುತ್ತಾರೆ, "ಊಟಿಗೆ ಹೋದಾಗ ಕಟ್ಟಿದ್ದಿರಲ್ಲ, ಅದು" ಅನ್ನಿ, ಸಿಗುತ್ತದೆ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಬೆಳಿಗ್ಗೆ ಏಳಕ್ಕೇ ಹೋಗಿ, ಬಟ್ಟೆಯ ರಾಶಿ ಕೆದಕುವ ತಾಳ್ಮೆ ಇರಲಿ. ಮುಂಬೈಯ ಚೋರ್ ಬಜಾರ್‌ನಲ್ಲೂ ಸಿಕ್ಕಿವೆ. ಹೊರದೇಶದಲ್ಲಿರುವ ನಮ್ಮವರಿಗೆ ಇದು ಸುಲಭ. ಅಮೆರಿಕದ ಥ್ರಿಫ್ಟ್ ಅಂಗಡಿ, ಬ್ರಿಟನ್ನಿನ ಚಾರಿಟಿ ಅಂಗಡಿಗಳಲ್ಲಿ ಬಾಗಿಲ ಹತ್ತಿರ ಬೆಲ್ಟ್, ಟೈ ಜೊತೆ ಒಂದು ಬುಟ್ಟಿ ಇರುತ್ತದೆ, ಅದನ್ನು ಬಿಡಬೇಡಿ. ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆ, ಪ್ಯಾರಿಸ್ ಪಕ್ಕದ ಸಾಂತ್-ವಾಂ ಸಂತೆ ಹೆಸರುವಾಸಿ, ಬೆಲೆಯೂ ಹಾಗೇ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ಮೂರು ಫೋಟೋ ಕೇಳಿ. ಅಂಚಿನದು ಹತ್ತಿರದಿಂದ, ಹಿಂಬದಿಯದು, ಮತ್ತು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದದ್ದು. ಮೂರನೆಯದರಲ್ಲಿ ತೂತು, ಸವೆದ ಮಡಿಕೆ ಎಲ್ಲ ಕಾಣುತ್ತವೆ. ಅದನ್ನು ಕಳಿಸಲು ಹಿಂಜರಿಯುವವರಿಂದ ನಾನು ಕೊಳ್ಳುವುದಿಲ್ಲ.

ರೇಷ್ಮೆಯಾ ಪಾಲಿಯೆಸ್ಟರಾ ಗೊತ್ತಾಗೋದು ಹೇಗೆ?

ಅಂಚಿನಿಂದ ಒಂದೇ ಒಂದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಬೆಂಕಿ ತಾಗಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಆದರೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತವೆ. ವಿನಿಗರ್ ವಾಸನೆ ಬಂದು ಕರಗಿದರೆ ಅದು ಅಸಿಟೇಟ್. ಹಳೇ ಸ್ಕಾರ್ಫ್‌ಗಳಲ್ಲಿ ಇದೂ ಇದೆ, ನೋಡಲು ರೇಷ್ಮೆಯಂತೆಯೇ. ಅಸಿಟೇಟ್ ಹತ್ತಿರ ನೇಲ್ ಪಾಲಿಶ್ ತೆಗೆಯುವ ದ್ರವ ತರಬೇಡಿ, ಅದರಲ್ಲಿರುವ ಅಸಿಟೋನ್ ಬಿದ್ದ ಜಾಗದಲ್ಲಿ ಬಟ್ಟೆ ಕರಗಿ ತೂತಾಗುತ್ತದೆ.

ಅಂಗಡಿಯಲ್ಲಿ ಬೆಂಕಿ ಹಚ್ಚಲಾಗುವುದಿಲ್ಲವಲ್ಲ, ಅಲ್ಲಿ ಕೈಯೇ ಸಾಕು. ಮುಷ್ಟಿಯಲ್ಲಿ ಹಿಡಿದರೆ ರೇಷ್ಮೆ ಬೇಗ ಬೆಚ್ಚಗಾಗುತ್ತದೆ. ಮನೆಯಲ್ಲಿ ಒಳ್ಳೆಯ ರೇಷ್ಮೆ ಸೀರೆ ಮುಟ್ಟಿ ಬೆಳೆದ ಕೈಗೆ ಇದು ಹೇಳಿಕೊಡಬೇಕಾಗಿಲ್ಲ.

ಯಾವ ಕಾಲದ್ದು ಅಂತ ಹೇಗೆ ಕಂಡುಹಿಡಿಯೋದು? ಲೇಬಲ್ ಇದೆ, ಇಸವಿ ಇಲ್ಲ

ಲೇಬಲ್ಲೇ ಅರ್ಧ ಹೇಳುತ್ತದೆ. "ಆಕ್ಯುಪೈಡ್ ಜಪಾನ್" ಅಂತಿದ್ದರೆ ಯುದ್ಧ ಮುಗಿದ ಮೇಲಿನದು, 1952ಕ್ಕಿಂತ ಹಿಂದಿನದು. "ವೆಸ್ಟ್ ಜರ್ಮನಿ" ಇದ್ದರೆ 1949ರಿಂದ 1990ರ ನಡುವಿನದು. ಅಮೆರಿಕದಲ್ಲಿ ಮಾರಿದ ಬಟ್ಟೆಗೆ ಯಾವ ನೂಲು ಅಂತ ಬರೆಯುವುದು 1960ರಿಂದ ಕಡ್ಡಾಯವಾಯಿತು, ಹೇಗೆ ಒಗೆಯಬೇಕು ಅಂತ ತಿಳಿಸುವ ಲೇಬಲ್ ಪದ್ಧತಿ 1972ರಲ್ಲಿ ಬಂತು. ಲೇಬಲ್ ಕತ್ತರಿಸಿ ಹೋಗಿರುವುದೂ ಉಂಟು, ಕತ್ತು ಚುಚ್ಚುತ್ತದೆ ಅಂತ ಅತ್ತೆ ಎಲ್ಲವನ್ನೂ ಕತ್ತರಿಸಿದ್ದರು! ಹಾಗಾಗಿ ಲೇಬಲ್ ಇಲ್ಲ ಅಂದ ಮಾತ್ರಕ್ಕೆ ಬಹಳ ಹಳೇದು ಅಂದುಕೊಳ್ಳಬೇಡಿ.

ಯಾವ ಹೆಸರು ಕಂಡರೆ ಬಿಡಬಾರದು?

ನನ್ನ ಇಷ್ಟ ವೆರಾ. ಅಮೆರಿಕದ ವೆರಾ ನ್ಯೂಮನ್ ಯುದ್ಧದ ನಂತರ ಉಳಿದ ಪ್ಯಾರಾಚೂಟ್ ರೇಷ್ಮೆಯ ಮೇಲೆ ಪ್ರಿಂಟ್ ಮಾಡಿ ಸ್ಕಾರ್ಫ್ ಶುರು ಮಾಡಿದವರು. ಮೂಲೆಯಲ್ಲಿ ಅವರ ಸಹಿ, ಎಷ್ಟೋ ಸ್ಕಾರ್ಫ್‌ಗಳಲ್ಲಿ ಪಕ್ಕದಲ್ಲೇ ಪುಟ್ಟ ಗುಲಗಂಜಿ ಹುಳು ಇರುತ್ತದೆ. ಲಂಡನ್ನಿನ ಜಾಕ್ಮಾರ್ ಕಂಪನಿ ಯುದ್ಧದ ಘೋಷಣೆಗಳನ್ನೇ ಸ್ಕಾರ್ಫ್ ಮೇಲೆ ಹಾಕಿತು. ಪ್ರಾಗ್‌ನಿಂದ ಲಂಡನ್ನಿಗೆ ಬಂದು ನೆಲೆಸಿದ ಆಷರ್ ದಂಪತಿ 1940ರ ದಶಕದಲ್ಲಿ ಮಾತೀಸ್, ಹೆನ್ರಿ ಮೂರ್ ಅಂಥ ಕಲಾವಿದರಿಂದ ಚಿತ್ರ ಬರೆಸಿ ಸ್ಕಾರ್ಫ್ ಮಾಡಿಸಿದರು. ಅದು ಸಿಕ್ಕರೆ ಮಾತ್ರ ಕಟ್ಟಬೇಡಿ, ನೇರ ಮ್ಯೂಸಿಯಂನವರನ್ನು ಕೇಳಿ. ಇಟಲಿಯ ಗುಚ್ಚಿ ಕಂಪನಿಯ ಫ್ಲೋರಾ ಹೂವಿನ ಚಿತ್ರ 1966ರದು, ಗ್ರೇಸ್ ಕೆಲ್ಲಿಗಾಗಿ ವಿತ್ತೋರಿಯೊ ಅಕೋರ್ನೆರೊ ಬರೆದದ್ದು.

ಆದರೆ ಹೆಸರೇ ಇಲ್ಲದ, ಜಪಾನಿನ ಸಾದಾ ಸ್ಕಾರ್ಫ್‌ಗಳಲ್ಲಿ ಬಣ್ಣದ ಜೋಡಣೆ ಎಂಥ ಚೆಂದ ಇರುತ್ತದೆ ಅಂದರೆ ನಾನು ದಿನವೂ ಕಟ್ಟುವುದು ಅವನ್ನೇ.

ಚಿಕ್ಕಮ್ಮ ಕೊಟ್ಟ ಎರ್ಮೆಸ್ ಅಸಲಿಯಾ?

ಈ ಪ್ಯಾರಿಸ್ ಕಂಪನಿ ಮೊದಲ ರೇಷ್ಮೆ ಚೌಕ ತಂದದ್ದು 1937ರಲ್ಲಿ. ಅದರ ಪ್ರಸಿದ್ಧ ಅಳತೆ 90 ಸೆಂಟಿಮೀಟರ್. ಮೊದಲು ಅಂಚು ನೋಡಿ. ಕೈಯಿಂದ ಸುರುಳಿ ಸುತ್ತಿ ಹೊಲಿದ ದುಂಡನೆಯ ಅಂಚು, ಆ ಸುರುಳಿ ಬಟ್ಟೆಯ ಮುಂಬದಿಗೆ, ಅಂದರೆ ಪ್ರಿಂಟ್ ಇರುವ ಕಡೆಗೆ ತಿರುಗಿರುತ್ತದೆ. ಹೊಲಿಗೆ ಯಂತ್ರದಷ್ಟು ಸಮ ಇರುವುದಿಲ್ಲ. ಹಿಂಬದಿ ತಿರುಗಿಸಿ, ಬಣ್ಣ ಮುಂಬದಿಯಷ್ಟೇ ಹತ್ತಿರ ಹತ್ತಿರ ಕಾಣಬೇಕು. ಬಟ್ಟೆಯಲ್ಲಿ ಟ್ವಿಲ್ ನೇಯ್ಗೆಯ ಓರೆ ಗೆರೆಗಳಿರಬೇಕು, ಚಿತ್ರದ ಗೆರೆ ದಾಟಿ ಬಣ್ಣ ಸೋರಿರಬಾರದು. ಹೆಸರಿನ ಸ್ಪೆಲ್ಲಿಂಗ್ ಮತ್ತು ಅದರ ಮೇಲಿನ ಗೀರು ಸರಿಯಿದೆಯಾ ನೋಡಿ.

ರಾಮನಗರದ ಗೂಡಿನ ಮಾರುಕಟ್ಟೆ ಇರುವ ರಾಜ್ಯದವರು ನಾವು, ಅದಕ್ಕೇ ಎಷ್ಟೋ ಜನ ಕೇಳುತ್ತಾರೆ, ಅದರಲ್ಲಿ ನಮ್ಮ ರೇಷ್ಮೆ ಇದೆಯಾ ಅಂತ. ಅವರಿಗೆ ರೇಷ್ಮೆ ಬರುವುದು ಬ್ರೆಜಿಲ್‌ನಿಂದ. ನೇಯ್ಗೆ, ಪ್ರಿಂಟ್ ಫ್ರಾನ್ಸಿನ ಲಿಯಾನ್ ಕಡೆ.

ನಕಲಿ ಅಂತ ಗೊತ್ತಾದರೆ ಚಿಕ್ಕಮ್ಮನಿಗೆ ಹೇಳಬೇಡಿ. ಬಣ್ಣ ಇಷ್ಟವಾದರೆ ಕಟ್ಟಿ, ಅಸಲಿ ಅಂತ ಮಾರಬೇಡಿ.

## ಒಗೆಯುವುದು, ಇಡುವುದು, ರಿಪೇರಿ

ಡ್ರೈ ಕ್ಲೀನಿಂಗಿಗೆ ಕೊಡಲಾ, ಮನೇಲೇ ಒಗೀಲಾ?

ನಾನು ಒಮ್ಮೆ ಡ್ರೈ ಕ್ಲೀನಿಂಗಿಗೆ ಕೊಟ್ಟೆ. ಕೈಯಿಂದ ಸುತ್ತಿದ ಆ ದುಂಡು ಅಂಚನ್ನು ಇಸ್ತ್ರಿ ಒತ್ತಿ ಚಪ್ಪಟೆ ಮಾಡಿ ಕಳಿಸಿದರು. ಅತ್ತೆಯದು ಅದು. ಎಷ್ಟು ಸಲ ಒದ್ದೆ ಮಾಡಿದರೂ ಆ ಅಂಚು ಮತ್ತೆ ಏಳಲಿಲ್ಲ. ಅಂದಿನಿಂದ ಎಲ್ಲವನ್ನೂ ನಾನೇ ಒಗೆಯುತ್ತೇನೆ.

ಮೊದಲು ಒದ್ದೆ ಹತ್ತಿಯನ್ನು ಮೂಲೆಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಹತ್ತಿಗೆ ಬಂದರೆ ಒಗೆಯಬೇಡಿ, ನೆರಳಿನ ಗಾಳಿಗೆ ಹಾಕಿ ಸಾಕು. ಬಣ್ಣ ಬಿಡದಿದ್ದರೆ ತಣ್ಣೀರಿಗೆ ಸ್ವಲ್ಪ ಅಂಟುವಾಳದ ನೀರು ಹಾಕಿ ಅದ್ದಿ, ಎತ್ತಿ, ಅದ್ದಿ. ಉಜ್ಜಬಾರದು, ಹಿಂಡಬಾರದು. ಬಿಳಿ ನೆಲದ ಸ್ಕಾರ್ಫಿಗೆ ಅಂಟುವಾಳದ ಬದಲು ಎರಡು ಹನಿ ಬೇಬಿ ಶಾಂಪೂ ಹಾಕುತ್ತೇನೆ. ಟವೆಲ್ಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಇನ್ನೂ ತೇವ ಇರುವಾಗಲೇ ಹಿಂಬದಿಯಿಂದ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಅಂಚಿಗೆ ಒಂದು ಬೆರಳು ದೂರದಲ್ಲೇ ಇಸ್ತ್ರಿ ನಿಲ್ಲಿಸಿ.

ತಲೆಗೆ ಎಣ್ಣೆ ಹಾಕೋರು, ಮಲ್ಲಿಗೆ ಮುಡಿಯೋರು ಏನ್ ಮಾಡ್ಬೇಕು?

ಎಣ್ಣೆ ಹಾಕಿದ ದಿನ ರೇಷ್ಮೆ ಬೇಡ, ಹತ್ತಿಯದು ಕಟ್ಟಿ. ಆಕಸ್ಮಾತ್ ಎಣ್ಣೆ ತಾಗಿದರೆ ಕಲೆಯ ಮೇಲೆ ಟಾಲ್ಕಂ ಪೌಡರ್ ಉದುರಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ಕೊಡವಿ, ಆಮೇಲೆ ಒಗೆಯಿರಿ. ನೀರು ಮೊದಲು ಹಾಕಿದರೆ ಕಲೆ ಹರಡುತ್ತದೆ. ಮಲ್ಲಿಗೆ ಇನ್ನೂ ಮೋಸ. ಬಾಡಿದ ಹೂವಿನ ತೇವ ರೇಷ್ಮೆಗೆ ತಾಗಿದರೆ ಕಂದು ಕಲೆ, ನನ್ನ ಕೈಲಿ ಅದನ್ನು ತೆಗೆಯಲು ಆಗಿಲ್ಲ. ಹೂವು ಸ್ಕಾರ್ಫಿನ ಹೊರಗಿರಲಿ, ಒಳಗೆ ಬೇಡ. ಸೆಂಟನ್ನೂ ಸ್ಕಾರ್ಫ್ ಕಟ್ಟುವ ಮೊದಲೇ ಹಾಕಿಕೊಂಡು ಒಣಗಲು ಬಿಡಿ.

ನಾವು ಆಗುಂಬೆ ಕಡೆಯವರು. ಮಳೆಗಾಲದಲ್ಲಿ ಬೂಷ್ಟು ಬರತ್ತೆ, ಎಲ್ಲಿಡೋದು?

ಪ್ಲಾಸ್ಟಿಕ್ ಕವರಿನಿಂದ ಮೊದಲು ತೆಗೆಯಿರಿ, ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಒಗೆದು ಒಗೆದು ಮೆತ್ತಗಾದ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ. ಬಜೆ ಬೇರು ಇಡುವುದಾದರೆ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡಿ, ನುಸಿಗುಳಿಗೆಯಾದರೂ ಅಷ್ಟೇ, ಬಟ್ಟೆಗೆ ನೇರ ತಾಗಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ, ಮಳೆ ಹೊಳವಾದ ದಿನ ನೋಡಿ ಹೊರತೆಗೆದು ನೆರಳಲ್ಲಿ ಹರವಿ.

ಮಡಚದೆ ಸುತ್ತಿಡುವುದು ಎಲ್ಲಕ್ಕಿಂತ ಒಳ್ಳೆಯದು. ಕ್ಯಾಲೆಂಡರ್ ಬರುತ್ತದಲ್ಲ, ಆ ರಟ್ಟಿನ ಕೊಳವೆಗೆ ಪಂಚೆ ಬಟ್ಟೆ ಸುತ್ತಿ ಅದರ ಮೇಲೆ ಸ್ಕಾರ್ಫ್ ಸುತ್ತಿ. ಜಾಗ ಇಲ್ಲದವರು ಮಡಚಿ, ಆದರೆ ಪ್ರತಿ ಸಲ ಮಡಿಕೆಯ ಜಾಗ ಬದಲಿಸಿ. ಇದೊಂದನ್ನು ಮಾತ್ರ ಮರೆಯಬೇಡಿ.

ಅಂಚು ಬಿಚ್ಚಿಕೊಂಡಿದೆ. ಸೀರೆಗೆ ಫಾಲ್ ಹಾಕೋ ಅಂಗಡೀಲಿ ಪೀಕೋ ಮಾಡಿಸಲಾ?

ಬೇಡ! ಪೀಕೋ ಯಂತ್ರ ಹಳೇ ಸುರುಳಿಯನ್ನು ಕತ್ತರಿಸಿ ಹಾಕುತ್ತದೆ, ಅಂಚು ಗಡುಸಾಗಿ ಅಲೆ ಅಲೆಯಾಗುತ್ತದೆ. ಸಣ್ಣ ಸೂಜಿ, ಅದೇ ಬಣ್ಣದ ರೇಷ್ಮೆ ದಾರ ತನ್ನಿ. ಬೆರಳ ತುದಿಗೆ ಸ್ವಲ್ಪ ನೀರು ತಾಗಿಸಿ ಅಂಚನ್ನು ಸುರುಳಿ ಸುತ್ತುತ್ತಾ, ಸುರುಳಿಯ ಒಳಗಿನಿಂದ ಸೂಜಿ ಹಾಯಿಸಿ, ಬಟ್ಟೆಯ ಒಂದೆರಡು ಎಳೆ ಮಾತ್ರ ಹಿಡಿದು ಹೊಲಿಯಿರಿ. ಮೊದಲ ನಾಲ್ಕು ಇಂಚಿಗೆ ಒಂದು ಗಂಟೆ ಹಿಡಿದರೂ ಬೇಸರ ಬೇಡ.

ಅಮ್ಮನ ಹಳೇ ಮೈಸೂರು ಸಿಲ್ಕ್ ಸೀರೆ ಹರಿದಿದೆ. ಕತ್ತರಿಸಿ ಸ್ಕಾರ್ಫ್ ಮಾಡಲಾ?

ಹರಿದಿದ್ದರೆ ಖಂಡಿತ. ಉಡುವ ಸ್ಥಿತಿಯಲ್ಲಿದ್ದರೆ ಉಡಿ. 1912ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆಯ ಕ್ರೇಪ್ ಬಟ್ಟೆ ತಲೆಗೆ ಕಟ್ಟಲು ಹೇಳಿ ಮಾಡಿಸಿದ ಹಾಗಿದೆ. ಚೆನ್ನಾಗಿ ಹುರಿ ಹಾಕಿದ ನೂಲಿನಿಂದ ನೇಯ್ದದ್ದಾದ್ದರಿಂದ ಸ್ಯಾಟಿನ್ ಥರ ಜಾರುವುದಿಲ್ಲ. ಸೆರಗು, ಜರಿ ಅಂಚು ಬಿಟ್ಟು ಒಡಲಿನಿಂದ ಕತ್ತರಿಸಿ. ಜರಿ ಭಾರ, ಕತ್ತಿಗೆ ಚುಚ್ಚುತ್ತದೆ ಕೂಡ. ಸೊಂಟಕ್ಕೆ ಸಿಕ್ಕಿಸುತ್ತಿದ್ದ ಭಾಗ ಬೆವರಿಗೆ ಸೋತಿರುತ್ತದೆ, ಬೆಳಕಿಗೆ ಹಿಡಿದು ನೋಡಿ ಗಟ್ಟಿ ಜಾಗ ಆರಿಸಿ.

ತಲೆ ಮುಚ್ಚಿಕೋ ಅಂತ ಹೆಣ್ಣುಮಕ್ಕಳಿಗೆ ಹೇಳಿಸಿಕೊಂಡದ್ದು ಸಾಕಾಗಿದೆ. ಅದನ್ನೇ ಸ್ಟೈಲ್ ಅಂತ ಕಟ್ಟೋದು ಸರೀನಾ?

ಈ ಪ್ರಶ್ನೆ ಕೇಳಿದವಳು ಕಾಲೇಜಿನ ಹುಡುಗಿ, ನಾನು ಎರಡು ದಿನ ಯೋಚಿಸಿ ಉತ್ತರ ಬರೆದೆ. ಅಮೆರಿಕದ ಲೂಸಿಯಾನಾ ಸ್ಪೇನಿನ ಕೈಯಲ್ಲಿದ್ದಾಗ, 1786ರಲ್ಲಿ, ಗವರ್ನರ್ ಎಸ್ತೆಬಾನ್ ಮಿರೊ ಒಂದು ಆಜ್ಞೆ ಹೊರಡಿಸಿದ. ಸ್ವತಂತ್ರರಾದ ಕಪ್ಪು ಹೆಂಗಸರು ಕೂದಲಿಗೆ ಒಡವೆ, ಗರಿ ಹಾಕಿ ಸಿಂಗರಿಸಿಕೊಳ್ಳುವುದು ಬಿಳಿಯರಿಗೆ ಸಹಿಸಲಿಲ್ಲ. ಇನ್ನು ಮೇಲೆ ಕೂದಲನ್ನು ಬಟ್ಟೆಯಲ್ಲಿ ಮುಚ್ಚಬೇಕು ಅಂದ. ಆ ತಲೆಬಟ್ಟೆಗೆ ಟಿನ್ಯೋಂ ಅಂತ ಹೆಸರು. ಹೆಂಗಸರು ಮುಚ್ಚಿದರು. ಹೇಗೆ? ಕಣ್ಣು ಕೋರೈಸುವ ಬಣ್ಣದ ಬಟ್ಟೆ ತಂದು, ನಮ್ಮ ಮದ್ರಾಸ್ ಚೌಕಳಿಯೂ ಅದರಲ್ಲಿತ್ತು, ಎತ್ತರಕ್ಕೆ ಸುತ್ತಿ, ಕಿರೀಟದ ಹಾಗೆ ಮಾಡಿಕೊಂಡರು. ಕೀಳು ಅಂತ ತೋರಿಸಲು ಕಟ್ಟಿಸಿದ ಬಟ್ಟೆಯೇ ಊರಿನ ಫ್ಯಾಷನ್ ಆಯಿತು.

ಕಟ್ಟು ಅಂತ ಯಾರಾದರೂ ಒತ್ತಾಯ ಮಾಡಿದರೆ ನಾನು ನಿಮ್ಮ ಪಕ್ಕ. ತೆಗೆ ಅಂತ ಒತ್ತಾಯ ಮಾಡಿದರೂ ನಿಮ್ಮ ಪಕ್ಕವೇ. ಮನಸ್ಸಿಲ್ಲದಿದ್ದರೆ ಕಟ್ಟಬೇಡಿ, ಬ್ಯಾಗಿನ ಹಿಡಿಗೆ ಸುತ್ತಿ, ಸ್ಕಾರ್ಫಿಗೆ ಅದೂ ಚೆಂದ.

ಮಡಿಕೇಲೇ ಸೀಳಿಹೋದ ಸ್ಕಾರ್ಫ್ ಇದೆ. ಬಿಸಾಕೋಕೆ ಮನಸ್ಸು ಬರ್ತಿಲ್ಲ

ಬಿಸಾಕಬೇಡಿ. ಸೀಳಿನ ಹಿಂದೆ ತೆಳುವಾದ ರೇಷ್ಮೆಯ ಪಟ್ಟಿ ಇಟ್ಟು ಒಂಟಿ ಎಳೆಯಲ್ಲಿ ಹಗುರವಾಗಿ ಹೊಲಿದರೆ ಒಂದಷ್ಟು ದಿನ ತಡೆಯುತ್ತದೆ. ಅಂಟು ಬಳಿಯಬೇಡಿ, ಇಸ್ತ್ರಿಯಲ್ಲಿ ಅಂಟುವ ಬಟ್ಟೆಯನ್ನೂ ಹಚ್ಚಬೇಡಿ. ಅದರ ಅಂಚಿನಲ್ಲೇ ಮತ್ತೆ ಸೀಳುತ್ತದೆ. ಉಳಿದ ಭಾಗವೂ ಮುಟ್ಟಿದರೆ ಪುಡಿಯಾಗುವ ಹಾಗಿದ್ದರೆ ಕಟ್ಟುವ ಆಸೆ ಬಿಡಬೇಕು. ಗಟ್ಟಿ ಇದ್ದರೆ ಸೀಳಿನ ಗೆರೆಯಲ್ಲೇ ಕತ್ತರಿಸಿ ಪಟ್ಟಿ ಮಾಡಿ, ಅಂಚು ಸುತ್ತಿ ಹೊಲಿಯಿರಿ. ಅತ್ತೆಯ ಆ ನಾಲ್ಕರಲ್ಲಿ ಎರಡು ಹೀಗೆ ಎಂಟು ಪಟ್ಟಿಗಳಾಗಿವೆ. ಒಂದು, ಹಸಿರು ನೆಲದ ಮೇಲೆ ಬಿಳಿ ಡೇಸಿ ಹೂವಿನದು, ಅತ್ತೆಯ ಮೊಮ್ಮಗಳ ಜಡೆಯಲ್ಲಿ ಸ್ಕೂಲ್ ಡೇಗೆ ಹೋಗಿಬಂತು. ಇನ್ನೆರಡನ್ನು ಇನ್ನೂ ಕತ್ತರಿಸಿಲ್ಲ.